ಝನ್ಸ್ಕಾರದ ಕುದುರೆಗೆ ಕೆಲಸ ಬೇಕು



ವಿಜಯನಗರದ ಅರಸರಿಗೆ ಕುದುರೆ ಎಂದರೆ ಎಷ್ಟು ಹುಚ್ಚಿತ್ತು ಎನ್ನುವುದಕ್ಕೆ ಫೆರ್ನಾವ್ ನೂನಿಜ್ ಬರೆದಿಟ್ಟ ಒಂದು ಸಂಗತಿ ಸಾಕು. ನೂನಿಜ್ 16ನೇ ಶತಮಾನದಲ್ಲಿ ನಮ್ಮ ಕಡೆಗೆ ಬಂದಿದ್ದ ಪೋರ್ಚುಗೀಸ, ಕುದುರೆ ವ್ಯಾಪಾರ ಬಲ್ಲವನು. ಅವನು ಹೇಳುವಂತೆ ಸಾಳುವ ನರಸಿಂಹ, ಹೊರ್ಮುಜ್ ಮತ್ತು ಏಡನ್ನಿನಿಂದ ಹಡಗಿನಲ್ಲಿ ಬರುವ ಕುದುರೆಗಳನ್ನು ಸಾವಿರ ಪರ್ದಾವ್ ನಾಣ್ಯಕ್ಕೆ ಮೂರರಂತೆ ಕೊಳ್ಳುತ್ತಿದ್ದನಂತೆ, ಅವು ಬದುಕಿರಲಿ, ಸತ್ತಿರಲಿ. ನಡುಗಡಲಲ್ಲಿ ಸತ್ತ ಕುದುರೆಯ ಬಾಲವನ್ನಷ್ಟೇ ತಂದು ತೋರಿಸಿದರೂ ಪೂರ್ತಿ ಹಣ ಎಣಿಸಿ ಕೊಡುತ್ತಿದ್ದನಂತೆ. ವ್ಯಾಪಾರಿಯ ಮಾತು, ಸ್ವಲ್ಪ ಉಪ್ಪುಖಾರ ಹಚ್ಚಿದ್ದರೂ ಹಚ್ಚಿರಬಹುದು. ಆದರೆ ಅದರ ಹಿಂದಿರುವ ಕಷ್ಟ ನಿಜವಾದದ್ದು. ದಕ್ಷಿಣದ ಸೆಕೆಗೆ, ಇಲ್ಲಿನ ಮೇವಿಗೆ ದೊಡ್ಡ ಯುದ್ಧದ ಕುದುರೆ ಒಗ್ಗಲಿಲ್ಲ. ಹಾಗಾಗಿ ಭಟ್ಕಳ, ಹೊನ್ನಾವರ, ಗೋವೆಯ ಬಂದರುಗಳಲ್ಲಿ ಕುದುರೆ ಇಳಿಯುತ್ತಲೇ ಇತ್ತು, ನಮ್ಮ ಚಿನ್ನ ಹಡಗು ಹತ್ತುತ್ತಲೇ ಇತ್ತು.

ಈ ಹೊತ್ತು ನಾನು ಮಾತಾಡಹೊರಟಿರುವ ಕುದುರೆಯ ಬಾಲಕ್ಕೆ ಯಾವ ಅರಸನೂ ಬೆಲೆ ಕಟ್ಟಿದವನಲ್ಲ. ಬಾಲವೇನೋ ಉದ್ದವಾಗಿಯೇ ಇದೆ, ನೆಲ ಗುಡಿಸುವಷ್ಟು. ಆದರೆ ಕುದುರೆ ಕುಳ್ಳು. ಲಡಾಖಿನ ಝನ್ಸ್ಕಾರ್ ಎಂಬ ಕಣಿವೆಯಲ್ಲಿ ಹುಟ್ಟಿ, ಅಲ್ಲೇ ಹೊರೆ ಹೊತ್ತು, ಅಲ್ಲೇ ಮುದಿಯಾಗುವ ಈ ಪ್ರಾಣಿಗೆ ಝನ್ಸ್ಕಾರಿ ಎಂದೇ ಹೆಸರು. ಕರ್ನಾಲಿನಲ್ಲಿರುವ ರಾಷ್ಟ್ರೀಯ ಪಶು ಆನುವಂಶಿಕ ಸಂಪನ್ಮೂಲ ಸಂಸ್ಥೆಯ ಪಟ್ಟಿಯಲ್ಲಿ ನಮ್ಮ ದೇಶದ ಕುದುರೆ ತಳಿಗಳು ಎಂದು ದಾಖಲಾಗಿರುವ ಕೆಲವೇ ಹೆಸರುಗಳಲ್ಲಿ ಇದೂ ಒಂದು. ಮಾರ್ವಾಡಿ, ಕಾಠಿಯಾವಾಡಿಗಳ ಹೆಸರನ್ನು ನೀವು ಕೇಳಿರುತ್ತೀರಿ. ಮದುವೆ ಮೆರವಣಿಗೆಯಲ್ಲೋ ಸಿನಿಮಾದಲ್ಲೋ ನೋಡಿಯೂ ಇರುತ್ತೀರಿ. ಝನ್ಸ್ಕಾರಿಯನ್ನು ಅಲ್ಲಿಗೆ ಹೋದವರೂ ಗಮನಿಸುವುದು ಕಡಿಮೆ. ಸಾಮಾನು ಹೊರುವ ತಟ್ಟು ಎಂದುಕೊಂಡು ಮುಂದೆ ನಡೆಯುತ್ತಾರೆ.

ಮೊದಲು ಊರು ಎಂಥದು ನೋಡೋಣ. ಝನ್ಸ್ಕಾರಿನ ದೊಡ್ಡ ಊರು ಪದುಮ್. ಸಮುದ್ರಮಟ್ಟದಿಂದ ಸುಮಾರು 3,600 ಮೀಟರ್ ಎತ್ತರ. ನಮ್ಮ ಮುಳ್ಳಯ್ಯನಗಿರಿಯ ಮೇಲೆ ಇನ್ನೊಂದು ಮುಳ್ಳಯ್ಯನಗಿರಿ ಇಟ್ಟರೂ ಅಷ್ಟು ಎತ್ತರ ಮುಟ್ಟಿ ಸ್ವಲ್ಪ ಮಾತ್ರ ದಾಟುತ್ತದೆ. ಪದುಮಿನ ಬಳಿ ಸ್ತೋದ್ ಮತ್ತು ಲುಂಗ್ನಾಕ್ ಎಂಬ ಎರಡು ಹೊಳೆಗಳು ಕೂಡಿ ಝನ್ಸ್ಕಾರ್ ನದಿಯಾಗುತ್ತವೆ. ಅದು ಕಡಿದಾದ ಕಮರಿಯಲ್ಲಿ ಹರಿದು ನಿಮ್ಮು ಎಂಬಲ್ಲಿ ಸಿಂಧೂವನ್ನು ಸೇರುತ್ತದೆ. 2011ರ ಜನಗಣತಿಯಲ್ಲಿ ಇಡೀ ಸೀಮೆಯ ಜನಸಂಖ್ಯೆ ಹದಿನಾಲ್ಕು ಸಾವಿರದ ಒಳಗೇ ಇತ್ತು. ಹೊರಗೆ ಹೋಗಬೇಕಾದರೆ ಯಾವ ದಿಕ್ಕಿಗೆ ಹೋದರೂ ಎತ್ತರದ ಕಣಿವೆದಾರಿ ಹತ್ತಬೇಕು. ಕಾರ್ಗಿಲ್ ಕಡೆಗೆ ಪೆನ್ಸಿ ಲಾ, ಲಾಹೌಲ್ ಕಡೆಗೆ ಐದು ಸಾವಿರ ಮೀಟರ್ ದಾಟಿದ ಶಿಂಕು ಲಾ. ಹಿಮ ಬಿದ್ದರೆ ಎರಡೂ ಬಂದ್. ಆಗ ಉಳಿಯುತ್ತಿದ್ದದ್ದು ಹೆಪ್ಪುಗಟ್ಟಿದ ನದಿಯ ಮೇಲಿನ ನಡಿಗೆ. ಚಾದರ್ ಎಂದು ಈಗ ಚಾರಣಿಗರ ಬಾಯಲ್ಲಿ ಹೆಸರಾಗಿರುವುದು ಇದೇ ಹಾದಿ. ಬೆಣ್ಣೆ ಮಾರಲು, ಮಕ್ಕಳನ್ನು ಶಾಲೆಗೆ ಬಿಡಲು ಲೇಹ್‌ಗೆ ಹೋಗುವವರು ಆ ಮಂಜಿನ ಮೇಲೇ ನಡೆಯುತ್ತಿದ್ದರು.

ಇಂಥಲ್ಲಿ ಮನುಷ್ಯ ಹೇಗೋ ಬದುಕಿದ. ಅವನ ಮನೆಯೇ ಅದಕ್ಕೆ ತಕ್ಕಂತೆ ಕಟ್ಟಿದ್ದು. ಕೆಳಗಿನ ಅಂತಸ್ತಿನಲ್ಲಿ ದನ, ಕುರಿ, ಕುದುರೆ. ಚಳಿಗಾಲದಲ್ಲಿ ಮನೆಮಂದಿ ಇರುವ ಕೋಣೆಗೆ ಅವುಗಳ ಮೈಬಿಸಿಯೂ ಆಸರೆ. ಉಷ್ಣಾಂಶ ಶೂನ್ಯಕ್ಕಿಂತ ಮೂವತ್ತು ಡಿಗ್ರಿ ಕೆಳಗೆ ಇಳಿಯುವ ರಾತ್ರಿಗಳು ಅಲ್ಲಿ ಅಪರೂಪವಲ್ಲ. ಬೇಸಿಗೆಯೆಂದರೆ ನಾಲ್ಕು ತಿಂಗಳ ಮಾತು. ಅಷ್ಟರಲ್ಲೇ ಬಾರ್ಲಿ ಬೆಳೆಯಬೇಕು, ಬಟಾಣಿ ಬೆಳೆಯಬೇಕು, ಕುದುರೆಮಸಾಲೆ ಸೊಪ್ಪನ್ನು ಕೊಯ್ದು ಒಣಗಿಸಿ ಮಾಳಿಗೆಯ ಮೇಲೆ ಒಟ್ಟಬೇಕು. ನಮ್ಮಲ್ಲಿ ಕುದುರೆ ಎಂದರೆ ಹುರುಳಿ ನೆನಪಾಗುತ್ತದೆ. ಅಲ್ಲಿ ಹುರುಳಿಯ ಮಾತಿರಲಿ, ಚಳಿಗಾಲದ ಕೊನೆಯ ವಾರಗಳಲ್ಲಿ ಒಣಹುಲ್ಲನ್ನೂ ಹಿಡಿ ಲೆಕ್ಕದಲ್ಲಿ ಹಾಕಬೇಕಾಗುತ್ತದೆ. ಅಷ್ಟರಲ್ಲೇ ಜೀವ ಹಿಡಿದುಕೊಂಡು, ವಸಂತದಲ್ಲಿ ಮೈದಾನಕ್ಕೆ ಬಿಟ್ಟೊಡನೆ ಮೇಯ್ದು ಮೈ ತುಂಬಿಕೊಳ್ಳುವ ಕುದುರೆ ಮಾತ್ರ ಅಲ್ಲಿ ಉಳಿಯಿತು. ಉಳಿಯಲಾರದ್ದು ಮರಿ ಹಾಕುವ ಮೊದಲೇ ಹೋಯಿತು. ತಳಿ ಎಂದು ನಾವು ಕರೆಯುವುದು ಹೀಗೆ ಚಳಿ ಅರ್ಧ, ಯಜಮಾನ ಅರ್ಧ ಆರಿಸಿಕೊಂಡು ಬಂದದ್ದನ್ನು.

ಹೆಗಲಿನ ಹತ್ತಿರ ಅಳೆದರೆ ಝನ್ಸ್ಕಾರಿಯ ಎತ್ತರ 120ರಿಂದ 140 ಸೆಂಟಿಮೀಟರ್. ರೇಸಿನ ಮೈದಾನದಲ್ಲಿ ಓಡುವ ಕುದುರೆ ಇದಕ್ಕಿಂತ ಒಂದು ಗೇಣಿಗೂ ಹೆಚ್ಚು ಎತ್ತರ. ಬಣ್ಣ ಬಹುಮಟ್ಟಿಗೆ ಬೂದು. ಕಪ್ಪು, ಕಂದು, ತಾಮ್ರವರ್ಣದವೂ ಇವೆ. ಮೈ ಒತ್ತಾಗಿದೆ, ಕಾಲು ಗಿಡ್ಡ, ಎದೆ ಅಗಲ, ಕಣ್ಣು ಎದ್ದು ಕಾಣುವಂಥದು. ಚಳಿಗಾಲಕ್ಕೆ ಮೈತುಂಬ ದಟ್ಟ ಕೂದಲು ಬರುತ್ತದೆ, ಬೇಸಿಗೆಗೆ ಉದುರುತ್ತದೆ. ಈ ಗಿಡ್ಡತನಕ್ಕೆ ಅರ್ಥವಿದೆ. ಮೈ ಒತ್ತಾಗಿದ್ದಷ್ಟೂ ಬಿಸಿ ಸೋರುವುದು ಕಡಿಮೆ. ಭಾರದ ನೆಲೆ ತಗ್ಗಿನಲ್ಲಿದ್ದಷ್ಟೂ ಒಂದು ಅಡಿ ಅಗಲದ ಕೊರಕಲು ದಾರಿಯಲ್ಲಿ ಉರುಳುವ ಭಯ ಕಡಿಮೆ. ಲಡಾಖಿನ ಕುದುರೆಯಾಳುಗಳು ಮೆಚ್ಚುವುದು ಅದರ ಓಟವನ್ನಲ್ಲ, ಹೆಜ್ಜೆಯನ್ನು. ಸಡಿಲ ಕಲ್ಲಿನ ಮೇಲೆ ಮುಂಗಾಲಿಟ್ಟು, ಕಲ್ಲು ಅಲುಗುತ್ತದೋ ಇಲ್ಲವೋ ನೋಡಿ, ಆಮೇಲೆ ಮೈಭಾರ ಹಾಕುವ ಆ ಎಚ್ಚರವನ್ನು.

ಉಸಿರಿನ ವಿಷಯ ಇನ್ನೂ ಸ್ವಾರಸ್ಯದ್ದು. ಗಾಳಿಯಲ್ಲಿ ಆಮ್ಲಜನಕದ ಪಾಲು ಪದುಮಿನಲ್ಲೂ ಮಂಗಳೂರಿನಲ್ಲೂ ಒಂದೇ, ನೂರಕ್ಕೆ ಇಪ್ಪತ್ತೊಂದು. ಆದರೆ ಅಲ್ಲಿ ಗಾಳಿಯ ಒತ್ತಡವೇ ಕಡಿಮೆ, ಸಮುದ್ರಮಟ್ಟದ ಮೂರರಲ್ಲಿ ಎರಡು ಪಾಲಿನಷ್ಟು. ಹಾಗಾಗಿ ಪ್ರತಿ ಉಸಿರಿನಲ್ಲೂ ಒಳಗೆ ಹೋಗುವುದು ಕಡಿಮೆ. ಬಯಲಿನಿಂದ ಬಂದ ಮನುಷ್ಯನಿಗಾಗಲಿ ಕುದುರೆಗಾಗಲಿ ದೇಹ ಮಾಡುವ ಒಂದು ಉಪಾಯ ಕೆಂಪು ರಕ್ತಕಣಗಳನ್ನು ಹೆಚ್ಚಿಸುವುದು. ಅದು ಮಿತಿ ಮೀರಿದರೆ ರಕ್ತ ಮಂದವಾಗಿ ಹೃದಯದ ಮೇಲೆ ಭಾರ ಬೀಳುತ್ತದೆ. ಸಾವಿರಾರು ವರ್ಷ ಎತ್ತರದಲ್ಲೇ ಬದುಕಿದ ಜೀವಿಗಳ ಹಾದಿ ಬೇರೆ. ಟಿಬೆಟಿನ ಜನರಲ್ಲಿ ಈ ಹೊಂದಾಣಿಕೆಯ ಗುಟ್ಟು ಇಪಿಎಎಸ್-1 ಎಂಬ ಜೀನಿನಲ್ಲಿ ಇದೆ ಎಂದು ಮೊದಲು ಗೊತ್ತಾಯಿತು. 2019ರಲ್ಲಿ ಪ್ರಕಟವಾದ ಸಂಶೋಧನೆ, ಟಿಬೆಟಿನ ಕುದುರೆಗಳಲ್ಲೂ ಅದೇ ಜೀನಿನಲ್ಲಿ ತಮ್ಮದೇ ಆದ ಬದಲಾವಣೆ ಆಗಿದೆ ಎಂದು ತೋರಿಸಿತು. ಮನುಷ್ಯನೂ ಅವನ ಕುದುರೆಯೂ ಒಂದೇ ಬೆಟ್ಟ ಹತ್ತಿ, ಒಂದೇ ಕೀಲಿಯನ್ನು ಬೇರೆ ಬೇರೆಯಾಗಿ ತಿರುಗಿಸಿದ ಹಾಗಾಯಿತು. ಝನ್ಸ್ಕಾರಿ ಟಿಬೆಟಿನ ಆ ಕುದುರೆಗಳ ನೆರೆಯ ತಳಿ. ಬಯಲಿನ ಕುದುರೆಯನ್ನು ತಂದು ನಾಲ್ಕು ಸಾವಿರ ಮೀಟರಿನಲ್ಲಿ ಹೊರೆ ಹೊರಿಸಿದರೆ ಸಿಗದಿರುವುದು ಇಂಥ ಗುಣ. ಹಣ ಕೊಟ್ಟು ಒಂದೆರಡು ತಲೆಮಾರಿನಲ್ಲಿ ತಯಾರಿಸಲೂ ಆಗದು.

ಇಲ್ಲಿ ವಿಲಿಯಂ ಮೂರ್‌ಕ್ರಾಫ್ಟನ ವಿಷಯ ಹೇಳದೆ ಮುಂದೆ ಹೋಗಲು ಮನಸ್ಸು ಬಾರದು. ಈತ ಪಶುವೈದ್ಯ, ಈಸ್ಟ್ ಇಂಡಿಯಾ ಕಂಪನಿ ಬಿಹಾರದ ಪೂಸಾದಲ್ಲಿ ನಡೆಸುತ್ತಿದ್ದ ಕುದುರೆ ಫಾರ್ಮಿನ ಮೇಲ್ವಿಚಾರಕ. ಕಂಪನಿಯ ಸವಾರಿ ಪಡೆಗೆ ಒಳ್ಳೆಯ ಬೀಜದ ಕುದುರೆ ಬೇಕೆಂದು ಹುಡುಕುತ್ತ 1812ರಲ್ಲಿ ಟಿಬೆಟಿಗೆ ಹೋದ. 1820ರಲ್ಲಿ ಲೇಹ್‌ಗೆ ಬಂದು ಎರಡು ವರ್ಷ ಅಲ್ಲೇ ಕೂತ. ಅವನ ಕಣ್ಣು ಬುಖಾರಾದ ಎತ್ತರದ ತುರ್ಕ್‌ಮೆನ್ ಕುದುರೆಗಳ ಮೇಲೆ. ಕಾಲ ಬುಡದಲ್ಲೇ ಓಡಾಡುತ್ತಿದ್ದ ಬೆಟ್ಟದ ಕುದುರೆ ಅವನಿಗೆ ಉತ್ತರವಾಗಲಿಲ್ಲ. ಕೊನೆಗೆ ಬುಖಾರಾ ತಲುಪಿ, ಮರಳುವ ದಾರಿಯಲ್ಲಿ 1825ರಲ್ಲಿ ಅಫ್ಘಾನಿಸ್ತಾನದ ಉತ್ತರದಲ್ಲಿ ತೀರಿಕೊಂಡ. ಆದರೆ ಈ ಕುದುರೆ ಹುಡುಕಾಟದಿಂದ ಇನ್ನೊಂದು ಫಲ ಬಂತು. ದಾರಿಯಲ್ಲಿ ಸಿಕ್ಕ ಹಂಗೇರಿಯ ಚೋಮಾ ದ ಕೊರೊಶ್ ಎಂಬ ಬಡ ವಿದ್ವಾಂಸನಿಗೆ ಟಿಬೆಟನ್ ಭಾಷೆ ಕಲಿ ಎಂದು ಹುರಿದುಂಬಿಸಿ ಸಹಾಯ ಮಾಡಿದವನು ಇವನೇ. ಚೋಮಾ ಝನ್ಸ್ಕಾರಿನ ಝಾಂಗ್ಲಾದಲ್ಲೂ ಫುಗ್ತಲ್ ಗೊಂಪ ಎಂಬ ಬೌದ್ಧ ಮಠದಲ್ಲೂ ಚಳಿಯಲ್ಲಿ ಕೂತು ಓದಿ, 1834ರಲ್ಲಿ ಟಿಬೆಟನ್-ಇಂಗ್ಲಿಷ್ ನಿಘಂಟನ್ನು ಹೊರತಂದ. ಕುದುರೆ ಹುಡುಕಲು ಹೋದವನಿಂದ ನಿಘಂಟು ಬಂತು. ಕುದುರೆಗೆ ಮಾತ್ರ ಏನೂ ಬರಲಿಲ್ಲ.

ಅಷ್ಟಕ್ಕೂ ಅಲ್ಲಿಯವರಿಗೆ ಕಂಪನಿಯ ಮೆಚ್ಚುಗೆ ಬೇಕಾಗಿರಲಿಲ್ಲ. ಅವರ ಕುದುರೆಗೆ ಕೈತುಂಬ ಕೆಲಸವಿತ್ತು. ಝನ್ಸ್ಕಾರಿನ ಬಾರ್ಲಿ ರುಪ್ಶುವಿನ ಅಲೆಮಾರಿಗಳಿಗೆ, ಅವರ ಉಪ್ಪು ಇವರಿಗೆ. ಹೊಲಕ್ಕೆ ಗೊಬ್ಬರ, ಗೊಂಪಕ್ಕೆ ದವಸ, ಮದುವೆಯ ದಿಬ್ಬಣ, ಹಬ್ಬದ ದಿನದ ಓಟ. ದಕ್ಷಿಣಕ್ಕಿರುವ ಹಿಮಾಚಲದ ಸ್ಪಿತಿಯಲ್ಲಿ ಇದರ ದಾಯಾದಿ ತಳಿಯೊಂದಿದೆ, ಅದನ್ನು ಚಾಮುರ್ತಿ ಎನ್ನುತ್ತಾರೆ. ಅಲ್ಲಿನ ವ್ಯಾಪಾರ ಇನ್ನೂ ಸೊಗಸು. ಪಿನ್ ಕಣಿವೆಯವರು ಮರಿ ಸಾಕಿ ಬೆಳೆಸಿದರೆ, ಕಿಬ್ಬರ್ ಊರಿನವರು ಬೇಸಿಗೆಯಲ್ಲಿ ಕುದುರೆಗಳನ್ನು ಹೊಡೆದುಕೊಂಡು ಐದೂವರೆ ಸಾವಿರ ಮೀಟರ್ ಎತ್ತರದ ಪರಾಂಗ್ ಲಾ ದಾಟಿ ಲಡಾಖಿನ ಚಾಂಗ್ಪಾ ಅಲೆಮಾರಿಗಳ ಬಳಿಗೆ ಹೋಗಿ, ಕುದುರೆ ಕೊಟ್ಟು ಯಾಕ್ ತರುತ್ತಿದ್ದರು. ಇನ್ನೊಂದು ದಾರಿ ಸತ್ಲಜ್ ಹಿಡಿದು ಕೆಳಗಿಳಿದು ರಾಮಪುರದ ಲಾವಿ ಜಾತ್ರೆಗೆ. ಬುಶಹರ್ ಅರಸ ಕೇಹರಿ ಸಿಂಗನ ಕಾಲದಲ್ಲಿ, 17ನೇ ಶತಮಾನದಲ್ಲಿ, ಟಿಬೆಟಿನೊಡನೆ ಆದ ವ್ಯಾಪಾರದ ಒಪ್ಪಂದದ ನೆನಪಿನದು ಆ ಜಾತ್ರೆ. ಈಗಲೂ ನವೆಂಬರಿನಲ್ಲಿ ಲಾವಿಗೆ ಮುಂಚೆ ಅಲ್ಲಿ ಕುದುರೆಗಳ ಮೇಳ ಕೂಡುತ್ತದೆ. ಹಲ್ಲು ಬಿಡಿಸಿ ವಯಸ್ಸು ನೋಡುವವರು, ಗೊರಸು ತಟ್ಟಿ ನೋಡುವವರು, ಏರಿ ಒಂದು ಸುತ್ತು ಹಾಕಿ ನಡೆ ಪರೀಕ್ಷಿಸುವವರು ಎಲ್ಲರೂ ಅಲ್ಲಿ ಸೇರುತ್ತಾರೆ.

ಆಮೇಲೆ ರಸ್ತೆ ಬಂತು. 1980ರ ಸುಮಾರಿಗೆ ಕಾರ್ಗಿಲ್‌ನಿಂದ ಪೆನ್ಸಿ ಲಾ ಮೇಲಾಗಿ ಪದುಮಿಗೆ ವಾಹನ ಬರತೊಡಗಿತು. ಅದೂ ಬೇಸಿಗೆಯಲ್ಲಿ ಮಾತ್ರ. ಅಷ್ಟಾದರೂ ಕುದುರೆಗೆ ದೊಡ್ಡ ಹಾನಿ ಆಗಲಿಲ್ಲ, ಏಕೆಂದರೆ ಅದೇ ಹೊತ್ತಿಗೆ ಲಮಾಯೂರಿನಿಂದ ಪದುಮಿಗೆ, ಪದುಮಿನಿಂದ ದಾರ್ಚಾಕ್ಕೆ ನಡೆಯುವ ಚಾರಣಿಗರು ಬರತೊಡಗಿದರು. ಡೇರೆ, ಸೀಮೆಎಣ್ಣೆ, ಪಾತ್ರೆ ಪಡಗ ಎಲ್ಲವೂ ಕುದುರೆಯ ಬೆನ್ನಿಗೆ. ಎರಡು ಮೂರು ದಶಕ ಕುದುರೆಯಾಳಿಗೆ ಬೇಸಿಗೆಯಲ್ಲಿ ಚೆನ್ನಾಗಿಯೇ ಸಂಪಾದನೆ ಇತ್ತು. ಈಗ ಆ ಚಾರಣದ ಹಾದಿಯ ಮೇಲೇ ರಸ್ತೆ ಬಿದ್ದಿದೆ. ನಿಮ್ಮು-ಪದುಮ್-ದಾರ್ಚಾ ರಸ್ತೆ, 298 ಕಿಲೋಮೀಟರ್. 2024ರ ಮಾರ್ಚಿನಲ್ಲಿ ಗಡಿ ರಸ್ತೆ ಸಂಸ್ಥೆ ಅದರ ಕೊನೆಯ ಕೊಂಡಿ ಕೂಡಿಸಿತು. ಅದೇ ವರ್ಷ ಜುಲೈನಲ್ಲಿ ಶಿಂಕು ಲಾದ ಕೆಳಗೆ 4.1 ಕಿಲೋಮೀಟರ್ ಸುರಂಗದ ಕೆಲಸ ಶುರುವಾಯಿತು. ಅದು ಮುಗಿದರೆ ಝನ್ಸ್ಕಾರ್ ಕಣಿವೆಗೆ ಚಳಿಗಾಲದ ಬೀಗವೇ ಇರುವುದಿಲ್ಲ.

ರಸ್ತೆಯನ್ನು ದೂರುವವನು ನಾನಲ್ಲ. ಹೆರಿಗೆ ಬೇನೆ ತಿನ್ನುವ ಹೆಂಗಸನ್ನು ಹಿಮದಲ್ಲಿ ಹೊತ್ತು ನಡೆದ ಜನಕ್ಕೆ ರಸ್ತೆ ಬೇಡ ಎಂದು ಬೆಂಗಳೂರಿನಲ್ಲಿ ಕೂತು ಹೇಳುವುದು ಸುಲಭದ ಪಾಪ. ಕುದುರೆಯ ಚೆಲುವಿಗಾಗಿ ಯಾರೂ ಕುದುರೆ ಸಾಕಲಿಲ್ಲ, ಹೊರೆಗಾಗಿ ಸಾಕಿದರು. ಹೊರೆ ಪಿಕಪ್ ಗಾಡಿ ಹತ್ತಿದ ಮೇಲೆ, ಏಳು ತಿಂಗಳು ಕೂರಿಸಿ ಮೇವು ಹಾಕಬೇಕಾದ ಪ್ರಾಣಿ ಯಾವ ಲೆಕ್ಕಕ್ಕೆ? ಇದು ಝನ್ಸ್ಕಾರ್ ಒಂದರ ಕಥೆಯೂ ಅಲ್ಲ. 2019ರ ಜಾನುವಾರು ಗಣತಿಯ ಪ್ರಕಾರ ದೇಶದಲ್ಲಿ ಉಳಿದಿದ್ದ ಕುದುರೆ ಮತ್ತು ತಟ್ಟುಗಳು 3.4 ಲಕ್ಷ. ಅದಕ್ಕೆ ಏಳು ವರ್ಷ ಹಿಂದೆ, 2012ರಲ್ಲಿ, 6.25 ಲಕ್ಷ ಇದ್ದವು. ನೂರಕ್ಕೆ ನಲವತ್ತೈದು ಇಲ್ಲವಾದವು. ಹೇಸರಗತ್ತೆ ನೂರಕ್ಕೆ ಐವತ್ತೇಳು, ಕತ್ತೆ ನೂರಕ್ಕೆ ಅರವತ್ತೊಂದು. ಬೆನ್ನಿನ ಮೇಲೆ ಹೊರುವ ಪ್ರಾಣಿಗಳೆಲ್ಲ ಒಟ್ಟಿಗೇ ಹೊರಟು ನಿಂತಂತಿದೆ.

ಎಣಿಕೆ ಕಡಿಮೆಯಾಗುವುದು ಕಣ್ಣಿಗೆ ಕಾಣುವ ನಷ್ಟ. ಕಾಣದ ನಷ್ಟ ಬೆರಕೆ. ಹಿಂಡಿನಲ್ಲಿ ಚೆನ್ನಾಗಿರುವ ಗಂಡುಮರಿಗೆ ಸಂತೆಯಲ್ಲಿ ಬೆಲೆ ಬರುತ್ತದೆ. ಹೊರೆಗೆ ಪಳಗಲಿ ಎಂದು ಅದರ ಬೀಜ ಒಡೆಸುತ್ತಾರೆ, ಇಲ್ಲವೇ ಕಣಿವೆಯಾಚೆ ಮಾರುತ್ತಾರೆ. ಊರಿನ ಹೆಣ್ಣುಕುದುರೆಗಳಿಗೆ ಉಳಿಯುವುದು ಯಾರಿಗೂ ಬೇಡವಾದ ಗಂಡು, ಅಥವಾ ಸಾಮಾನು ಹೊತ್ತು ಹೊರಗಿನಿಂದ ಬಂದ ಬೆರಕೆ ತಟ್ಟು. ಬೆಟ್ಟದ ಸೀಮೆಗಳಲ್ಲಿ ಇದಕ್ಕೆ ಇನ್ನೊಂದು ಆಸೆ ಸೇರುತ್ತದೆ, ಹೇಸರಗತ್ತೆ. ಹೆಣ್ಣುಕುದುರೆಗೆ ಗಂಡುಕತ್ತೆ ಬಿಟ್ಟರೆ ಹುಟ್ಟುವ ಈ ಪ್ರಾಣಿ ಗಟ್ಟಿ, ಬಾಳಿಕೆಯದು, ಬೆಲೆಯೂ ಜಾಸ್ತಿ. ಆದರೆ ಅದರಲ್ಲಿ ಮುಂದಿನ ಸಂತಾನವಿಲ್ಲ. ಕುದುರೆ ಗಬ್ಬ ಹೊರುವುದು ಹನ್ನೊಂದು ತಿಂಗಳು, ಹಾಕುವುದು ಒಂದೇ ಮರಿ. ಮೇವಿನ ಬರವಿರುವ ಕಡೆ ಪ್ರತಿವರ್ಷ ಮರಿ ನಿರೀಕ್ಷಿಸುವ ಹಾಗೂ ಇಲ್ಲ. ಒಂದು ಹೇಸರಗತ್ತೆ ಹುಟ್ಟಿತೆಂದರೆ ಒಂದು ಹೆಣ್ಣುಕುದುರೆಯ ಒಂದೋ ಎರಡೋ ವರ್ಷ ತಳಿಯ ಲೆಕ್ಕದಿಂದ ಹೋಯಿತು. ಬಡ ಯಜಮಾನನನ್ನು ಇದಕ್ಕೆ ಬೈಯುವಂತಿಲ್ಲ. ಅವನಿಗೆ ಬೇಕಾದದ್ದು ಈ ವರ್ಷದ ರೊಕ್ಕ.

ಸರ್ಕಾರ ಕೈಕಟ್ಟಿ ಕೂತಿರಲಿಲ್ಲ ಎಂಬುದನ್ನೂ ಹೇಳಬೇಕು. ಅಂದಿನ ಜಮ್ಮು ಮತ್ತು ಕಾಶ್ಮೀರ ರಾಜ್ಯದ ಪಶುಸಂಗೋಪನಾ ಇಲಾಖೆ 1977ರಲ್ಲೇ ಪದುಮಿನಲ್ಲಿ ಝನ್ಸ್ಕಾರಿ ತಳಿಯ ಫಾರ್ಮ್ ತೆರೆಯಿತು. ಹಿಮಾಚಲ ಸರ್ಕಾರ ಚಾಮುರ್ತಿಗಾಗಿ 2002ರಲ್ಲಿ ಸ್ಪಿತಿಯ ಲರಿ ಎಂಬಲ್ಲಿ ಇಂಥದೇ ಕೇಂದ್ರ ಮಾಡಿತು. ಇವು ಇಲ್ಲದಿದ್ದರೆ ಇವತ್ತು ಶುದ್ಧ ಗಂಡುಕುದುರೆ ಬೇಕೆಂದವರು ಎಲ್ಲಿಗೆ ಹೋಗಬೇಕಿತ್ತೋ. ಆದರೆ ಫಾರ್ಮ್ ಒಂದರಿಂದ ತಳಿ ಉಳಿಯುತ್ತದೆ ಎಂದು ನೆಮ್ಮದಿಯಾಗಿರುವುದು ತಪ್ಪು. ಏಕೆ ಎಂದು ಒಂದು ಸಣ್ಣ ಲೆಕ್ಕದಿಂದ ಹೇಳುತ್ತೇನೆ. ರೇಡಿಯೋದಲ್ಲಿ ಲೆಕ್ಕ ಹೇಳಬಾರದು ಎನ್ನುತ್ತಾರೆ, ಆದರೂ ಇದು ಸುಲಭದ್ದು.

ಒಂದು ಹಿಂಡಿನಲ್ಲಿ ಅರವತ್ತು ಹೆಣ್ಣು, ನಾಲ್ಕು ಗಂಡು ಇವೆ ಎಂದುಕೊಳ್ಳಿ. ತಲೆ ಎಣಿಸಿದರೆ ಅರವತ್ತನಾಲ್ಕು. ಆದರೆ ಮುಂದಿನ ತಲೆಮಾರಿನ ಅರ್ಧ ರಕ್ತ ಆ ನಾಲ್ಕೇ ಗಂಡುಗಳಿಂದ ಬರಬೇಕಲ್ಲ? ತಳಿವಿಜ್ಞಾನಿಗಳು ಗಂಡಿನ ಸಂಖ್ಯೆಯನ್ನು ಹೆಣ್ಣಿನ ಸಂಖ್ಯೆಯಿಂದ ಗುಣಿಸಿ, ಅದನ್ನು ನಾಲ್ಕರಿಂದ ಗುಣಿಸಿ, ಒಟ್ಟು ಸಂಖ್ಯೆಯಿಂದ ಭಾಗಿಸುತ್ತಾರೆ. ನಮ್ಮ ಉದಾಹರಣೆಯಲ್ಲಿ ಬರುವುದು ಹದಿನೈದು. ಅಂದರೆ ರಕ್ತದ ವೈವಿಧ್ಯದ ದೃಷ್ಟಿಯಿಂದ ಅದು ಹದಿನೈದು ಕುದುರೆಯ ಹಿಂಡು. ಐವತ್ತಕ್ಕಿಂತ ಕೆಳಗಿಳಿದರೆ ಅಪಾಯ ಎಂಬುದು ಸಾಮಾನ್ಯವಾಗಿ ಒಪ್ಪಿರುವ ಅಳತೆ. ಹತ್ತಿರದ ಸಂಬಂಧದಲ್ಲೇ ಮರಿ ಹುಟ್ಟುತ್ತ ಹೋದರೆ ಗಬ್ಬ ನಿಲ್ಲುವುದು ಕಡಿಮೆಯಾಗುತ್ತದೆ, ಮರಿ ನಿಶ್ಶಕ್ತವಾಗುತ್ತದೆ. ಅದೇ ಅರವತ್ತು ಹೆಣ್ಣಿಗೆ ಇಪ್ಪತ್ತು ಗಂಡು ಬೇರೆ ಬೇರೆ ಹಳ್ಳಿಗಳಲ್ಲಿ ಇದ್ದರೆ ಸಂಖ್ಯೆ ಅರವತ್ತಕ್ಕೆ ಏರುತ್ತದೆ. ಸರ್ಕಾರಿ ಲಾಯದಲ್ಲಿ ಇಪ್ಪತ್ತು ಬೀಜದ ಕುದುರೆಗಳನ್ನು ಕಟ್ಟಿ ಮೇಯಿಸುವುದು ದುಬಾರಿ. ಹಳ್ಳಿಗೊಂದರಂತೆ ಬಿಡುವುದು ಅಗ್ಗ, ಒಳ್ಳೆಯದೂ ಹೌದು.

ಹಿಸಾರಿನಲ್ಲಿ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರವಿದೆ, 1985ರಲ್ಲಿ ಶುರುವಾದದ್ದು. ಅದರ ಬಿಕಾನೇರ್ ಶಾಖೆಯ ವಿಜ್ಞಾನಿಗಳು 2023ರ ಮೇ ತಿಂಗಳಲ್ಲಿ, ಮಾರ್ವಾಡಿ ಕುದುರೆಯ ಭ್ರೂಣವನ್ನು ಬೇರೆ ಕುದುರೆಯ ಗರ್ಭದಲ್ಲಿಟ್ಟು ಮರಿ ಹುಟ್ಟಿಸಿದರು. ರಾಜ್-ಪ್ರಥಮಾ ಎಂದು ಹೆಸರಿಟ್ಟರು. ಹುಟ್ಟಿದಾಗ ಅದರ ತೂಕ 23 ಕಿಲೋ. ಮುಂದಿನ ವರ್ಷ ಘನೀಕರಿಸಿಟ್ಟ ಭ್ರೂಣದಿಂದಲೂ ಮರಿ ಪಡೆದರು. ಝನ್ಸ್ಕಾರಿ ಭ್ರೂಣಗಳ ಕೆಲಸವನ್ನೂ ಅವರು ಕೈಗೆತ್ತಿಕೊಂಡಿದ್ದಾರೆ. ಒಳ್ಳೆಯ ತಾಯಿಕುದುರೆಯಿಂದ ವರ್ಷಕ್ಕೆ ಒಂದರ ಬದಲು ನಾಲ್ಕೈದು ಮರಿ ಪಡೆಯುವ ದಾರಿ ಇದು. ರೋಗ ಬಂದು ಹಿಂಡೇ ಹೋದರೂ ದ್ರವ ಸಾರಜನಕದ ಡಬ್ಬಿಯಲ್ಲಿ ಬೀಜ ಉಳಿದಿರುತ್ತದೆ. ಇದಕ್ಕೆ ಖರ್ಚಾಗುವ ಹಣದ ಬಗ್ಗೆ ನನಗೆ ತಕರಾರಿಲ್ಲ. ಆದರೆ ರಾಜಸ್ಥಾನದ ಮರಳಿನಲ್ಲಿ ಹುಟ್ಟಿ ಬೆಳೆದ ಝನ್ಸ್ಕಾರಿ ಮರಿ ಹಿಮದಲ್ಲಿ ಹುಲ್ಲು ಕೆದಕಿ ತಿನ್ನುವುದನ್ನು ಯಾರಿಂದ ಕಲಿಯಬೇಕು? ಡಬ್ಬಿಯಲ್ಲಿ ಚಳಿ ಬೇಕಾದಷ್ಟಿದೆ, ಆಯ್ಕೆ ಇಲ್ಲ. ಬೆಟ್ಟದಲ್ಲಿ ಪ್ರತಿ ಚಳಿಗಾಲವೂ ಪ್ರತಿ ಹೊರೆಯೂ ತಳಿಯನ್ನು ಜರಡಿ ಹಿಡಿಯುತ್ತಲೇ ಇರುತ್ತವೆ. ಆ ಜರಡಿ ನಿಂತರೆ ಬಣ್ಣ, ಬಾಲ, ಅಳತೆ ಎಲ್ಲ ಇದ್ದು, ಒಳಗಿನ ಕಸುವು ತಲೆಮಾರಿನಿಂದ ತಲೆಮಾರಿಗೆ ಜಾರಿಹೋಗುತ್ತದೆ. ಆದ್ದರಿಂದ ಝನ್ಸ್ಕಾರಿಗೆ ಬೇಕಾಗಿರುವುದು ಮೊದಲು ಕೆಲಸ, ಆಮೇಲೆ ಲಾಯ.

ಕೆಲಸ ಕೊಡಬಲ್ಲವರು ಯಾರು? ಮೊದಲ ಹೆಸರು ಸೇನೆಯದು. ರಸ್ತೆ ಎಷ್ಟೇ ಬರಲಿ, ಗಡಿಯ ಕೊನೆಯ ಠಾಣೆಗೆ ಲಾರಿ ಹೋಗುವುದಿಲ್ಲ. ಹೆಲಿಕಾಪ್ಟರ್ ಹವಾಮಾನ ನೋಡುತ್ತದೆ. 1999ರ ಕಾರ್ಗಿಲ್ ಯುದ್ಧದಲ್ಲಿ ಕಡಿದಾದ ಬೆಟ್ಟಗಳಿಗೆ ಮದ್ದುಗುಂಡು, ಅನ್ನ, ನೀರು ಏರಿದ್ದು ಹೇಸರಗತ್ತೆ, ತಟ್ಟು ಮತ್ತು ಆಳುಗಳ ಬೆನ್ನಿನ ಮೇಲೆ. ಬಯಲಿನಲ್ಲಿ ಹುಟ್ಟಿದ ಹೇಸರಗತ್ತೆಯನ್ನು ಎತ್ತರಕ್ಕೆ ಒಗ್ಗಿಸಲು ದಿನ ಬೇಕು. ಅಲ್ಲೇ ಹುಟ್ಟಿದ ಪ್ರಾಣಿಗೆ ಆ ಪಾಠ ಬೇಕಿಲ್ಲ. ಲೇಹ್‌ನಲ್ಲಿರುವ ಡಿಆರ್‌ಡಿಒ ಪ್ರಯೋಗಾಲಯ ಝನ್ಸ್ಕಾರಿ ಕುದುರೆ ಮತ್ತು ನುಬ್ರಾದ ಎರಡು ಡುಬ್ಬದ ಒಂಟೆ ಎರಡನ್ನೂ ಪರೀಕ್ಷಿಸಿ ಸೇನೆಯ ಹೊರೆಗೆ ಪಳಗಿಸುವ ಕೆಲಸ ಮಾಡಿದೆ. ಇದು ಸಂತೋಷದ ಸುದ್ದಿ. ಜೊತೆಗೆ ಒಂದು ಎಚ್ಚರವೂ ಬೇಕು. ಸೇನೆ ಒಳ್ಳೆಯ ಪ್ರಾಣಿಯನ್ನೇ ಆರಿಸುತ್ತದೆ, ಆರಿಸಬೇಕಾದದ್ದೇ. ಹಾಗೆ ಆರಿಸಿದವು ಠಾಣೆಯಲ್ಲಿ ದುಡಿದು ಅಲ್ಲೇ ಮುದಿಯಾದರೆ ಊರಿನ ಹಿಂಡಿಗೆ ಎರಡನೇ ದರ್ಜೆಯವು ಉಳಿಯುತ್ತವೆ. ಕೊಳ್ಳುವ ಮುಂಚೆ ಒಂದೆರಡು ಬೇಸಿಗೆ ಊರಿನ ಹೆಣ್ಣುಕುದುರೆಗಳ ಜೊತೆ ಬಿಟ್ಟ ಗಂಡಿಗೆ ಹೆಚ್ಚು ಬೆಲೆ ಎಂದು ಕರಾರು ಮಾಡಿಕೊಂಡರೆ ಎರಡೂ ಕಡೆಗೆ ಲಾಭ.

ಸೇನೆ ತಳಿ ಸಾಕುವುದು, ಬಿಡುವುದು ಎಂದಾಗ ನನಗೆ ಅಮೃತಮಹಲ್ ನೆನಪಾಗುತ್ತದೆ. ಚಿಕ್ಕದೇವರಾಜ ಒಡೆಯರ ಬೆಣ್ಣೆ ಚಾವಡಿಯಾಗಿ ಶುರುವಾಗಿ, ಟಿಪ್ಪುವಿನ ಕಾಲದಲ್ಲಿ ಅಮೃತಮಹಲ್ ಎಂದು ಹೆಸರಾದ ಆ ದನಗಳು ದಂಡಿನ ಸಾಮಾನು, ಫಿರಂಗಿ ಎಳೆದದ್ದು ನಮಗೆಲ್ಲ ಗೊತ್ತು. 1860ರಲ್ಲಿ ಖರ್ಚು ಹೆಚ್ಚಾಯಿತೆಂದು ಬ್ರಿಟಿಷ್ ಆಡಳಿತ ಹಿಂಡನ್ನೇ ಮಾರಿಬಿಟ್ಟಿತು. ಅಂಥ ಎತ್ತು ಬೇರೆಲ್ಲೂ ಸಿಗದೆ, 1866ರಲ್ಲಿ ಮತ್ತೆ ಕಟ್ಟಬೇಕಾಯಿತು. ಆಗ ಕಾವಲುಗಳು ಲಕ್ಷಗಟ್ಟಲೆ ಎಕರೆ ಇದ್ದವು, ಚದುರಿದ ದನ ಹಿಡಿದು ತಂದು ಮೇಯಿಸಲು ಜಾಗವಿತ್ತು. ಈಗ ಅಜ್ಜಂಪುರದಲ್ಲಿ ಸರ್ಕಾರಿ ಹಿಂಡು ಇದೆ, ಆದರೆ ಕಾವಲು ಕರಗಿದೆ, ಉಳುವ ಕೆಲಸವನ್ನು ಟ್ರ್ಯಾಕ್ಟರ್ ತೆಗೆದುಕೊಂಡಿದೆ. ಹಿಂಡು ಉಳಿಸಿ ಹುಲ್ಲುಗಾವಲು ಮತ್ತು ಕೆಲಸ ಬಿಟ್ಟುಕೊಟ್ಟರೆ ಏನಾಗುತ್ತದೆ ಎನ್ನುವುದನ್ನು ತಿಳಿಯಲು ನಾವು ಹಿಮಾಲಯಕ್ಕೆ ಹೋಗಬೇಕಾಗಿಲ್ಲ.

ಹುಲ್ಲುಗಾವಲಿನ ಮಾತು ಬಂದರೆ ತೋಳ, ಹಿಮಚಿರತೆಗಳ ಮಾತೂ ಬರಬೇಕು. ಬೇಸಿಗೆಯಲ್ಲಿ ಕುದುರೆಗಳನ್ನು ಕಾವಲಿಲ್ಲದೆ ಮೇಲಿನ ಹುಲ್ಲುಗಾವಲಿಗೆ ಬಿಡುವುದು ಅಲ್ಲಿನ ರೂಢಿ. ಕಿಬ್ಬರ್ ಸುತ್ತಿನ ಮೂರು ಹಳ್ಳಿಗಳ ಎಂಬತ್ತು ಮನೆಗಳವರು 1995-96ರಲ್ಲಿ ಹದಿನೆಂಟು ತಿಂಗಳಲ್ಲಿ 189 ಜಾನುವಾರುಗಳನ್ನು ಕಾಡುಪ್ರಾಣಿಗಳಿಗೆ ಕಳೆದುಕೊಂಡೆವು ಎಂದು ವನ್ಯಜೀವಿ ವಿಜ್ಞಾನಿ ಚಾರುದತ್ತ ಮಿಶ್ರ ಅವರ ಅಧ್ಯಯನದಲ್ಲಿ ಹೇಳಿದ್ದಾರೆ. ಒಂದು ಕುರಿ ಹೋದರೆ ತಡೆದುಕೊಳ್ಳಬಹುದು. ಮೂರು ವರ್ಷ ಸಾಕಿದ ಕುದುರೆ ಹೋದರೆ ಮನೆಯೇ ತತ್ತರಿಸುತ್ತದೆ. ಅದಕ್ಕಾಗಿಯೇ ಲಡಾಖಿನಲ್ಲಿ ತೋಳ ಹಿಡಿಯಲು ಕಲ್ಲಿನ ಗುಂಡಿಗಳನ್ನು ಕಟ್ಟುತ್ತಿದ್ದರು. ಇಲ್ಲಿ ನಮ್ಮ ಮೈಸೂರಿಗೆ ಒಂದು ನಂಟಿದೆ. ಮೈಸೂರಿನಲ್ಲಿ ನೆಲೆಯಿರುವ ನೇಚರ್ ಕನ್ಸರ್ವೇಶನ್ ಫೌಂಡೇಶನ್ ಎಂಬ ಸಂಸ್ಥೆ ಕಿಬ್ಬರಿನವರ ಜೊತೆ ಕೂತು, 2002ರಲ್ಲಿ ಊರಿನವರೇ ನಡೆಸುವ ಜಾನುವಾರು ವಿಮೆ ಶುರುಮಾಡಿತು. ವಂತಿಗೆ ಊರಿನದು, ಯಾರ ಪ್ರಾಣಿ ನಿಜವಾಗಿ ತೋಳಕ್ಕೆ ಹೋಯಿತು ಎಂಬ ಪಂಚಾಯಿತಿಯೂ ಊರಿನದೇ. ಈ ವಿಮೆ ಹುಟ್ಟಿದ್ದು ಹಿಮಚಿರತೆಗಾಗಿ. ಆದರೆ ಕುದುರೆ ಸಾಕುವವನಿಗೆ ಧೈರ್ಯ ಕೊಡುವ ಯೋಜನೆ ಕುದುರೆಯನ್ನೂ ಉಳಿಸುತ್ತದೆ.

ನನ್ನನ್ನು ಕೇಳಿದರೆ ಝನ್ಸ್ಕಾರಿನಲ್ಲಿ ಹಣ ಹಾಕಬೇಕಾದ ಜಾಗ ಊರಿನ ಬೀಜದ ಕುದುರೆಯ ಯಜಮಾನನ ಜೇಬು. ಚೆನ್ನಾಗಿರುವ ಗಂಡಿನ ಬೀಜ ಒಡೆಸದೆ, ಮಾರದೆ, ಊರಿನ ಹೆಣ್ಣುಕುದುರೆಗಳಿಗೆ ಬಿಡುವವನಿಗೆ ಚಳಿಗಾಲದ ಮೇವಿನ ಖರ್ಚು ಸರ್ಕಾರ ಕೊಡಲಿ. ಹುಟ್ಟಿದ ಮರಿಗೆ ಕಿವಿಗುರುತು ಹಾಕಿ, ತಂದೆತಾಯಿ ಯಾರೆಂದು ಪುಸ್ತಕದಲ್ಲಿ ಬರೆದಿಡಲಿ. ರೇಸ್ ಕುದುರೆಯ ಏಳು ತಲೆಮಾರಿನ ವಂಶಾವಳಿ ಯಾರು ಬೇಕಾದರೂ ನೋಡಬಹುದು. ಝನ್ಸ್ಕಾರಿಯ ಅಜ್ಜ ಯಾರೆಂದು ಹೇಳಬಲ್ಲವನು ಅದರ ಯಜಮಾನನ ಅಪ್ಪ ಮಾತ್ರ, ಅವನೂ ಬದುಕಿದ್ದರೆ. ಬರೆದಿಟ್ಟ ವಂಶ ಇದ್ದರೆ ಮರಿಗೆ ಬೆಲೆ ಬರುತ್ತದೆ. ಪೋಲೋ ಲಡಾಖಿನವರ ಹಳೆಯ ಆಟ, ಅದಕ್ಕೆ ಈಗಲೂ ಕುದುರೆ ಬೇಕು. ಸ್ಥಳೀಯ ತಳಿಯ ಮೇಲೇ ಆಡುವ ಪಂದ್ಯಕ್ಕೆ ಒಂದು ದೊಡ್ಡ ಬಹುಮಾನ ಇಟ್ಟರೆ ಹತ್ತು ಭಾಷಣಗಳಿಗಿಂತ ಹೆಚ್ಚು ಕೆಲಸ ಆಗುತ್ತದೆ, ಈ ಭಾಷಣವನ್ನೂ ಸೇರಿಸಿ.

ಇನ್ನು ಕೇಳುಗರಾದ ನಿಮ್ಮಲ್ಲಿ ಕೆಲವರು, ಅಥವಾ ನಿಮ್ಮ ಮನೆಯ ಹುಡುಗರು, ಬೆಂಗಳೂರಿನಿಂದ ಮೋಟಾರು ಬೈಕು ಕಟ್ಟಿಕೊಂಡು ಲಡಾಖಿಗೆ ಹೋಗುವವರಿದ್ದೀರಿ. ಹೊಸ ರಸ್ತೆಯಲ್ಲಿ ಪದುಮಿಗೂ ಹೋಗುತ್ತೀರಿ. ಹೋದರೆ ಬೈಕನ್ನು ಎರಡು ದಿನ ನಿಲ್ಲಿಸಿ. ಫುಗ್ತಲ್ ಗೊಂಪಕ್ಕೆ ಹೋಗುವ ಕೊನೆಯ ಹಾದಿ ಇನ್ನೂ ಕಾಲುಹಾದಿಯೇ. ಗೊಂಪದ ದವಸವೂ ಅದೇ ದಾರಿಯಲ್ಲಿ ಪ್ರಾಣಿಗಳ ಬೆನ್ನ ಮೇಲೆ ಹೋಗುತ್ತದೆ. ಅಲ್ಲಿಗೆ ಊರಿನವರ ಕುದುರೆ ಗೊತ್ತುಮಾಡಿಕೊಳ್ಳಿ. ಜುಲೈನಿಂದ ಸೆಪ್ಟೆಂಬರ್‌ವರೆಗೆ ಸಿಗುತ್ತವೆ. ಬಾಡಿಗೆಯನ್ನು ಊರಿನವರ ಹತ್ತಿರವೇ ಮಾತಾಡಿ, ಚೌಕಾಸಿ ಹೆಚ್ಚು ಮಾಡಬೇಡಿ. ಕುದುರೆಯ ಬೆನ್ನಿನಲ್ಲಿ ಗಾಯವಿದೆಯೋ ನೋಡಿ, ಇದ್ದರೆ ಬೇರೆ ಕೇಳಿ. ಸಾಮಾನನ್ನು ಎರಡು ಕಡೆಗೂ ಸಮತೂಕವಾಗಿ ಕಟ್ಟುವ ಕೆಲಸವನ್ನು ಕುದುರೆಯಾಳಿಗೇ ಬಿಡಿ. ಇಳಿಜಾರಿನಲ್ಲಿ ಅದರ ಹಿಂದೆ ನಡೆಯಿರಿ. ಎಲ್ಲಿ ಕಾಲಿಡಬೇಕೆಂದು ಅದಕ್ಕೆ ಗೊತ್ತು.